ಬೆಂಕಿಯಾರಿದ ಮೇಲೆ ಉಳಿಯುವ ಗಾಯ

ಮಾಘಮಾಸ ಮುಗಿಯುತ್ತ ಬಂದು, ಶಿವರಾತ್ರಿಗೆಂದು ಮಲೆ ಮಹದೇಶ್ವರ ಬೆಟ್ಟದತ್ತ ಪಾದಯಾತ್ರಿಕರು ಹೊರಡುವ ಹೊತ್ತಿಗೆ ಸರಿಯಾಗಿ ಹನೂರಿನಾಚೆಯ ಕಾಡುಗಳು ಎಲೆಯುದುರಿಸಿ ಬೋಳಾಗಿ ನಿಲ್ಲುತ್ತವೆ. ಯಳಂದೂರಿನ ಮೇಲ್ಗಡೆಯ ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ಲಾಂಟಾನದ ಪೊದೆಗಳು ಒಂದು ಬೀಡಿಯ ಕಿಡಿಗೂ ಹೊತ್ತಿಕೊಳ್ಳುವಷ್ಟು ಒಣಗುತ್ತವೆ. ಕೊಳ್ಳೇಗಾಲದ ಬಯಲಿನಲ್ಲಿ ಕಬ್ಬಿನ ಗದ್ದೆಗಳೂ ಕಣದ ಮಗ್ಗುಲಿನ ಹುಲ್ಲಿನ ಮೆದೆಗಳೂ ಅದೇ ಅಪಾಯಕ್ಕೆ ಈಡಾಗುತ್ತವೆ. ಬಯಲಿನ ಬೆಂಕಿಗೆ ಅಗ್ನಿಶಾಮಕ ದಳದ ವಾಹನ ಧಾವಿಸುತ್ತದೆ. ವಾಹನವೇರಲಾರದ ಇಳಿಜಾರುಗಳಲ್ಲಿ ಅರಣ್ಯ ರಕ್ಷಕರೂ, ಬೇಸಗೆಯ ಮಟ್ಟಿಗೆ ದಿನಗೂಲಿಯ ಮೇಲೆ ನೇಮಕಗೊಂಡ ಫೈರ್ ವಾಚರುಗಳೂ (ಇವರಲ್ಲಿ ಸೋಲಿಗ ಬುಡಕಟ್ಟಿನವರು ಅನೇಕರು) ಹಸಿಸೊಪ್ಪಿನ ಕೊಂಬೆಯನ್ನೇ ಆಯುಧವಾಗಿ ಹಿಡಿದು, ಜ್ವಾಲೆಗೆ ಒಂದು ಮಾರಿನಷ್ಟು ಸಮೀಪದಲ್ಲಿ ನಿಂತು, ಬಡಿದು ಬಡಿದು ಅದನ್ನು ನಂದಿಸುತ್ತಾರೆ. ಗಾಳಿ ದಿಕ್ಕು ಬದಲಿಸಿದರೆ ಹಿಂದೆಗೆಯಲು ಅವಕಾಶವೇ ಇರದು. ನೆರೆಯ ಬಂಡೀಪುರದಲ್ಲಿ 2017ರ ಫೆಬ್ರವರಿಯಲ್ಲಿ ಅರಣ್ಯ ರಕ್ಷಕರೊಬ್ಬರು ಕಾಳ್ಗಿಚ್ಚಿಗೆ ಬಲಿಯಾದರು.

ಮಡಿದವರನ್ನು ನಾಡು ಸ್ಮರಿಸುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸ್ಫೋಟಗೊಂಡು 66 ಮಂದಿ ಅಗ್ನಿಶಾಮಕರು ಪ್ರಾಣ ತೆತ್ತ ನೆನಪಿಗಾಗಿ, ಅದೇ ದಿನವನ್ನು ದೇಶದ ಠಾಣೆಗಳೆಲ್ಲ ಇಂದಿಗೂ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತವೆ. ಆದರೆ ಸಾಯದೆ ಬದುಕುಳಿದು, ಸುಟ್ಟ ಚರ್ಮ ಬಿಗಿದು ಬೆರಳು ಮಡಿಸಲಾರದವನಿಗೆ, ಗೋಡೆ ಕುಸಿದು ಬೆನ್ನುಹುರಿ ಜಖಂಗೊಂಡವನಿಗೆ, ಸ್ಮರಣೆಗಿಂತ ಮಿಗಿಲಾಗಿ ಬೇಕಾದುದು ಮುಂದಿನ ತಿಂಗಳ ಸಂಬಳ.

ಇಂಥವನಿಗೆ ಬಂಧುಗಳೂ ಸಹೋದ್ಯೋಗಿಗಳೂ ಮೊದಲು ಹೇಳುವ ಮಾತು, ‘ಪಿಂಚಣಿ ತಗೊಂಡು ಮನೇಲಿರು’ ಎಂಬುದು. ಕರ್ನಾಟಕ ನಾಗರಿಕ ಸೇವಾ ನಿಯಮಗಳಲ್ಲಿ ಅಶಕ್ತತಾ ಪಿಂಚಣಿಯೆಂಬುದೊಂದಿದೆ. ದೇಹದ ಅಥವಾ ಮನಸ್ಸಿನ ದೌರ್ಬಲ್ಯದಿಂದ ನೌಕರನು ಶಾಶ್ವತವಾಗಿ ಸೇವೆಗೆ ಅನರ್ಹನಾದನೆಂದು ವೈದ್ಯಾಧಿಕಾರಿಗಳು ಪ್ರಮಾಣಪತ್ರವಿತ್ತಾಗ ಅದು ದೊರೆಯುತ್ತದೆ. ಕರ್ತವ್ಯದ ಮೇಲಿದ್ದಾಗಲೇ ಗಾಯಗೊಂಡವನಿಗೆ ಅಸಾಧಾರಣ ಪಿಂಚಣಿಯೆಂಬ ಬೇರೊಂದು ವ್ಯವಸ್ಥೆಯೂ ಇದೆ. ಇವೆರಡೂ ಉಪಕಾರಕವಾದುವೇ. ಆದರೆ ಇವು ಕೊನೆಯ ಮೆಟ್ಟಿಲು, ಮೊದಲನೆಯದಲ್ಲ ಎಂಬುದೇ ನಾನು ಒತ್ತಿ ಹೇಳಬೇಕೆಂದಿರುವ ವಿಷಯ.

ಏಕೆಂದರೆ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 20ನೆಯ ಪ್ರಕರಣದ 4ನೆಯ ಉಪಪ್ರಕರಣವು, ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರನನ್ನು ಕೆಲಸದಿಂದ ತೆಗೆಯಲಾಗದು, ಅವನ ದರ್ಜೆಯನ್ನು ಇಳಿಸಲೂ ಆಗದು ಎಂದು ವಿಧಿಸಿದೆ. ಮೊದಲಿನ ಹುದ್ದೆಗೆ ಅವನು ತಕ್ಕವನಲ್ಲವಾದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಇಲ್ಲವಾದರೆ, ಅದು ದೊರಕುವವರೆಗೆ ಅಥವಾ ನಿವೃತ್ತಿಯ ವಯಸ್ಸು ಬರುವವರೆಗೆ, ಅವನಿಗಾಗಿಯೇ ಹೆಚ್ಚುವರಿ ಹುದ್ದೆಯೊಂದನ್ನು ಸೃಜಿಸಬೇಕು. ಕೆಲಸದ ಸ್ವರೂಪವನ್ನು ನೋಡಿ ಕೆಲವು ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕಿದೆ. ಆದರೆ ಅದು ಅಧಿಸೂಚನೆಯ ಮೂಲಕವೇ ಆಗಬೇಕು, ಮೇಲಧಿಕಾರಿಯ ಬಾಯಿಮಾತಿನಿಂದಲ್ಲ. ಇದರ ಪೂರ್ವರೂಪವಾದ 1995ರ ಕಾಯ್ದೆಯನ್ನು ಕುರಿತು 2003ರಲ್ಲಿ ಕುನಾಲ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು ಇಲ್ಲಿ ಸ್ಮರಣೀಯ. ಕರ್ತವ್ಯದಲ್ಲಿ ಗಾಯಗೊಂಡು ಎಡಗಾಲನ್ನೇ ಕಳೆದುಕೊಂಡಿದ್ದ ಪೇದೆ ಕುನಾಲ್ ಸಿಂಗ್‌ಗೆ ಅಶಕ್ತತಾ ಪಿಂಚಣಿ ನೀಡಿ ಮನೆಗೆ ಕಳುಹಿಸಲಾಗಿತ್ತು. ಪಿಂಚಣಿ ಕೊಟ್ಟೆವೆಂಬ ಕಾರಣದಿಂದ ಕಾಯ್ದೆಯ ರಕ್ಷಣೆಯನ್ನು ನಿರಾಕರಿಸಲಾಗದೆಂದು ನ್ಯಾಯಾಲಯ ಸ್ಪಷ್ಟಪಡಿಸಿತು.

ಏಣಿ ಹತ್ತಲಾರದವನಿಂದ ಠಾಣೆಗೇನು ಪ್ರಯೋಜನವೆಂದು ಕೇಳುವವರುಂಟು. ಕರೆ ಬಂದೊಡನೆ ದೂರವಾಣಿ ಎತ್ತಿಕೊಂಡು, ಗಾಬರಿಗೊಂಡವನಿಂದ ಊರು, ದಾರಿ, ನೀರಿನ ಆಸರೆಗಳನ್ನು ಕೇಳಿ ತಿಳಿದು ವಾಹನವನ್ನು ಕಳುಹಿಸುವ ಕೆಲಸಕ್ಕೆ, ಹೋಸ್ ಪೈಪು ಪಂಪುಗಳ ಪರೀಕ್ಷೆಗೆ, ಹೊಸಬರ ತರಬೇತಿಗೆ, ಶಾಲೆ ಛತ್ರಗಳ ಸುರಕ್ಷತೆಯ ತಪಾಸಣೆಗೆ, ಬೆಂಕಿಯನ್ನು ಹತ್ತಿರದಿಂದ ಬಲ್ಲವನಿಗಿಂತ ಯೋಗ್ಯನನ್ನು ಎಲ್ಲಿಂದ ತರುವುದು?

ಇನ್ನೊಂದು ಬಗೆಯ ಗಾಯವಿದೆ. ಅದು ಕಣ್ಣಿಗೆ ಕಾಣದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರಲ್ಲಿ ಅಗ್ನಿಶಾಮಕನ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಪ್ರಥಮ ವರ್ಗಕ್ಕೆ ಸೇರಿಸಿತು. ಅಮೆರಿಕದ ಹಲವು ರಾಜ್ಯಗಳಲ್ಲಿ, ಅಗ್ನಿಶಾಮಕನಿಗೆ ಕೆಲವು ಬಗೆಯ ಕ್ಯಾನ್ಸರ್ ಬಂದರೆ ಅದು ವೃತ್ತಿಯಿಂದಲೇ ಬಂದುದೆಂದು ಕಾನೂನು ಮೊದಲೇ ಭಾವಿಸುತ್ತದೆ. ಅಲ್ಲವೆಂದು ಸಾಧಿಸುವ ಭಾರ ಮಾಲೀಕನದು. ನಮ್ಮಲ್ಲಿಯೂ ಈ ನ್ಯಾಯ ಬರಬೇಕು.

ಇಷ್ಟೆಲ್ಲ ಖಾಯಂ ನೌಕರನ ಮಾತಾಯಿತು. ಸೇವಾ ಪುಸ್ತಕವೇ ಇಲ್ಲದ ಫೈರ್ ವಾಚರನ ಗತಿಯೇನು? 1923ರ ಕಾರ್ಮಿಕ ಪರಿಹಾರ ಕಾಯ್ದೆಯು ತನ್ನ ಅನುಸೂಚಿಯಲ್ಲಿ ಕಾಡಿನ ಬೆಂಕಿಯನ್ನು ನಿಯಂತ್ರಿಸುವ ಹಾಗೂ ನಂದಿಸುವ ಕೆಲಸದವರನ್ನು ಸ್ಪಷ್ಟವಾಗಿ ಹೆಸರಿಸಿತ್ತು. ಆ ಕಾಯ್ದೆಯ ಸಾರ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕವಾಗಿದೆ. ಗಳಿಸುವ ಸಾಮರ್ಥ್ಯ ಎಷ್ಟು ಕುಂದಿತು, ವಯಸ್ಸೆಷ್ಟು, ಕೂಲಿಯೆಷ್ಟು ಎಂಬುದನ್ನು ಲೆಕ್ಕಹಾಕಿ ಪರಿಹಾರವನ್ನು ನಿರ್ಣಯಿಸುವ ಪದ್ಧತಿಯಿದು. ಆದರೆ ಗಾಯಗೊಂಡ ದಿನ ಅವನು ಕೆಲಸದಲ್ಲಿದ್ದನೆಂಬುದಕ್ಕೆ ಸಾಕ್ಷಿಯಾಗಿ ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದೆ ಹೋದರೆ, ಕಾಯ್ದೆ ಕೈಗೆ ಎಟುಕುವುದು ದುಸ್ತರ. ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಎದ್ದವನು ಆ ಸಾಕ್ಷಿಯನ್ನು ಹುಡುಕುತ್ತ ಅಲೆಯುವಂತಾಗುವುದು ನಮ್ಮೆಲ್ಲರಿಗೂ ಅವಮಾನ.

ಆದುದರಿಂದ ಹನೂರು, ಯಳಂದೂರು, ಕೊಳ್ಳೇಗಾಲ ಈ ಮೂರು ತಾಲೂಕುಗಳಲ್ಲಿ ಬೆಂಕಿಯೊಡನೆ ಸೆಣಸುವವರ ಮನೆಯವರಲ್ಲಿ ನನ್ನ ವಿನಂತಿಯಿಷ್ಟೆ. ಗಾಯವಾದ ದಿನವೇ ಸ್ಥಳ, ಸಮಯ, ಯಾರ ಆದೇಶದಂತೆ ಹೋದುದು ಎಂಬುದನ್ನು ಬರಹದಲ್ಲಿ ದಾಖಲಿಸಿ ಸ್ವೀಕೃತಿ ಪಡೆಯಿರಿ. ಆಸ್ಪತ್ರೆಯ ಕಾಗದಗಳಲ್ಲಿ ‘ಕರ್ತವ್ಯದಲ್ಲಿದ್ದಾಗ’ ಎಂಬ ಮಾತು ಬರುವಂತೆ ನೋಡಿಕೊಳ್ಳಿರಿ. ಸ್ವಯಂನಿವೃತ್ತಿಯ ಅರ್ಜಿಗೆ ದುಃಖದ ಭರದಲ್ಲಿ ಸಹಿ ಹಾಕಬೇಡಿರಿ, ಬದಲಿ ಹುದ್ದೆಯನ್ನು ಲಿಖಿತವಾಗಿ ಕೇಳಿರಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಅಂಗವಿಕಲರಿಗೂ, ಸೋಲಿಗರೂ ಸೇರಿದಂತೆ ಪರಿಶಿಷ್ಟ ಪಂಗಡದವರಿಗೂ, ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಅದಕ್ಕಾಗಿ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಸಾಕು.