ಫ್ಯಾಕ್ಟ್‌ಚೆಕ್: ಕೋವಿ ಲೈಸೆನ್ಸ್ ಇದ್ದರೆ ಕಾಡುಹಂದಿ, ಜಿಂಕೆ ಹೊಡೆಯಬಹುದೇ?

ಮೆಸೇಜ್: ಬೆಳೆ ತಿನ್ನುವ ಹಂದಿ, ಜಿಂಕೆಗೆ ದೊಡ್ಡ ಗುಂಡಿನ ಸೆಮಿ ಆಟೋಮ್ಯಾಟಿಕ್ ರೈಫಲ್ಲೇ ಸರಿ, ಲೈಸೆನ್ಸ್ ಇದ್ದರೆ ಸಾಕು.

ನಿಜಾಂಶ: ತಪ್ಪು. ಬನ್ನೇರುಘಟ್ಟ ಕಾಡಂಚಿನ ಆನೇಕಲ್, ಜಿಗಣಿ ಕಡೆಯ ರೈತರಿಗೆ ಹಂದಿ ಕಾಟ ಇರುವುದು ನಿಜ. ಆದರೆ ಕೋವಿ ಲೈಸೆನ್ಸ್ ಬೇರೆ, ಬೇಟೆಗೆ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಎರಡೂ ಸಂರಕ್ಷಿತ ಪ್ರಾಣಿಗಳು. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲೂ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ನೇಮಿಸಿದ ಅಧಿಕಾರಿಯ ಲಿಖಿತ ಆದೇಶ ಬೇಕು. ಇಲ್ಲದಿದ್ದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂ.ವರೆಗೆ ದಂಡ ಆಗಬಹುದು. ರಾಷ್ಟ್ರೀಯ ಉದ್ಯಾನದೊಳಗೆ ಹೊಡೆದರೆ ಜೈಲು 3ರಿಂದ 7 ವರ್ಷ. ಇನ್ನು ಸೆಮಿ ಆಟೋಮ್ಯಾಟಿಕ್ ರೈಫಲ್ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ನಿರ್ಬಂಧಿತ ವರ್ಗದ್ದು.

ಏನು ಮಾಡಬೇಕು? ಹಾನಿಯ ಫೋಟೊ ತೆಗೆದು ವಲಯ ಅರಣ್ಯ ಕಚೇರಿಯಲ್ಲಿ ಬೆಳೆ ಪರಿಹಾರಕ್ಕೆ ಅರ್ಜಿ ಕೊಡಿ. ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಅದನ್ನು ನಂಬಿದವರು ಜೈಲು ಸೇರಬೇಕಾದೀತು.