ಮೊಬೈಲ್‌ನಿಂದ ಕ್ಯಾನ್ಸರ್ ಬರುತ್ತದೆಯೇ?



ಮುರಗೋಡ ಭಾಗದ ಸಂಘಗಳ ಸಭೆಗೆ ಹೋದಾಗ, ಉಳಿತಾಯ ಮತ್ತು ಸಾಲದ ಲೆಕ್ಕ ಮುಗಿದ ಮೇಲೆ ಆಗಾಗ ಒಂದು ಪ್ರಶ್ನೆ ಬರುತ್ತದೆ: "ಸಿಸ್ಟರ್, ಮೊಬೈಲ್ ಬಾಳ ಹಿಡದ್ರ ಕ್ಯಾನ್ಸರ್ ಬರತೈತಂತ, ಖರೆ ಏನ್ರಿ?" ಊರಲ್ಲಿ ಯಾರಿಗಾದರೂ ಗಡ್ಡೆ ಕಾಣಿಸಿದರೆ ಎಲ್ಲರ ಬೆರಳು ಟವರ್ ಕಡೆಗೇ ಹೋಗುತ್ತದೆ. ಆದ್ದರಿಂದ ಈ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳೋಣ.

ಕಿರಣಗಳಲ್ಲಿ ಎರಡು ಬಗೆ

ಎಕ್ಸ್‌ರೇ ಕಿರಣಕ್ಕೆ ನಮ್ಮ ಜೀವಕೋಶದೊಳಗಿನ ಡಿ.ಎನ್.ಎ.ಯನ್ನು ಮುರಿಯುವ ಶಕ್ತಿ ಇದೆ. ಅದಕ್ಕೇ ವೈದ್ಯರು ಬೇಕಾದಾಗ ಮಾತ್ರ ಅದನ್ನು ತೆಗೆಸುತ್ತಾರೆ. ಮೊಬೈಲ್ ಮತ್ತು ಟವರ್ ಬಳಸುವುದು ರೇಡಿಯೋ ತರಂಗ. ಧಾರವಾಡ ಆಕಾಶವಾಣಿ ನಮ್ಮ ಮನೆಗೆ ಬರುವುದೂ ಇದೇ ಜಾತಿಯ ತರಂಗದ ಮೇಲೆ. ಇದಕ್ಕೆ ಡಿ.ಎನ್.ಎ. ಮುರಿಯುವ ಶಕ್ತಿ ಇಲ್ಲ. ಚರ್ಮವನ್ನು ಅತಿ ಸ್ವಲ್ಪ ಬಿಸಿ ಮಾಡಬಲ್ಲದು, ಅಷ್ಟೇ. ದೂರ ಹೋದಂತೆ ತರಂಗದ ಬಲ ಬೇಗ ಕುಗ್ಗುತ್ತದೆ. ಹೀಗಾಗಿ ದೂರದ ಟವರ್‌ಗಿಂತ ಕಿವಿಗೆ ಹಿಡಿದ ಫೋನಿನಿಂದಲೇ ತಲೆಗೆ ಹೆಚ್ಚು ತರಂಗ ತಾಗುತ್ತದೆ.

ಸಂಶೋಧನೆ ಏನು ಹೇಳುತ್ತದೆ?

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ತರಂಗಗಳನ್ನು "ಕ್ಯಾನ್ಸರ್ ತರಬಹುದೇನೋ" ಎಂಬ ಪಟ್ಟಿಗೆ ಸೇರಿಸಿತು. ಪೇಪರಿನಲ್ಲಿ ಇದನ್ನು ಓದಿ ಬಹಳ ಜನ ಹೆದರಿದರು. ಆದರೆ ಆ ಪಟ್ಟಿಯ ಅರ್ಥ "ಸಾಕ್ಷಿ ಸಾಲದು, ಇನ್ನೂ ನೋಡಬೇಕು" ಎಂದಷ್ಟೇ. 13 ದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅತಿ ಹೆಚ್ಚು ಮಾತಾಡುವವರಲ್ಲಿ ಒಂದು ಬಗೆಯ ಮೆದುಳಿನ ಗಡ್ಡೆ ಸ್ವಲ್ಪ ಹೆಚ್ಚು ಕಂಡಿತ್ತು. ಆದರೆ ರೋಗಿಗಳ ನೆನಪಿನ ಮೇಲೆ ನಿಂತ ಲೆಕ್ಕವಾದ್ದರಿಂದ ಅದು ಫೋನಿನಿಂದಲೇ ಎಂದು ಹೇಳಲಾಗಲಿಲ್ಲ. ಡೆನ್ಮಾರ್ಕ್‌ನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮೊಬೈಲ್ ಗ್ರಾಹಕರನ್ನು ವರ್ಷಗಟ್ಟಲೆ ಗಮನಿಸಿದಾಗ ಕ್ಯಾನ್ಸರ್ ಹೆಚ್ಚಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳಿ ಮಾಡಿಸಿದ, 63 ಅಧ್ಯಯನಗಳ ಒಟ್ಟು ಪರಿಶೀಲನೆ 2024ರಲ್ಲಿ ಪ್ರಕಟವಾಯಿತು. ಮೊಬೈಲ್‌ಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ, ಹತ್ತು ವರ್ಷಕ್ಕಿಂತ ಹೆಚ್ಚು ಬಳಸಿದವರಲ್ಲೂ ಇಲ್ಲ.

ಹಾಗಾದರೆ ಏನು ಮಾಡಬೇಕು?

ಮನಸ್ಸಿಗೆ ಅಂಜಿಕೆ ಇದ್ದರೆ ಸ್ಪೀಕರ್ ಹಾಕಿ ಮಾತಾಡಿರಿ. ಸಿಗ್ನಲ್ ಕಡಿಮೆ ಇದ್ದಾಗ ಫೋನ್ ಹೆಚ್ಚು ಬಲ ಹಾಕುತ್ತದೆ. ಆಗ ಮಾತು ಚುಟುಕಾಗಿರಲಿ. "ಕಿರಣ ತಡೆಯುವ ಸ್ಟಿಕ್ಕರ್" ಎಂದು ಮಾರಲು ಬಂದವರಿಗೆ ದುಡ್ಡು ಕೊಡಬೇಡಿ. ಕ್ಯಾನ್ಸರ್ ನೆಪ ಹೇಳಿ ಮಗಳ ಕೈಯಿಂದ ಫೋನ್ ಕಸಿದುಕೊಳ್ಳಲೂ ಬೇಡಿ. ಬೈಕ್ ನಡೆಸುತ್ತ ಫೋನಿನಲ್ಲಿ ಮಾತಾಡುವುದು ಮಾತ್ರ ಖಂಡಿತ ಪ್ರಾಣಾಪಾಯ. ಅದನ್ನು ಮನೆಯ ಗಂಡಸರಿಗೆ ಹೇಳಿರಿ.

ನಿಜವಾದ ವೈರಿ ಸೆರಗಿನ ಗಂಟಿನಲ್ಲಿದೆ

ಕ್ಯಾನ್ಸರ್ ತರುವುದು ಖಚಿತ ಎಂಬ ಮೊದಲ ಪಟ್ಟಿಯಲ್ಲಿ ತಂಬಾಕು ಮತ್ತು ಅಡಿಕೆ ಎರಡೂ ಇವೆ. ನಮ್ಮ ಜಿಲ್ಲೆಯ ನಿಪ್ಪಾಣಿ ತಂಬಾಕಿಗೇ ಹೆಸರಾದ ಊರು. ನಮ್ಮ ಎಷ್ಟೋ ತಾಯಂದಿರು ಬೆಳಿಗ್ಗೆ ಮಿಶ್ರಿಯಿಂದ ಹಲ್ಲು ತಿಕ್ಕುತ್ತಾರೆ, ಹೊಲದಲ್ಲಿ ಎಲೆ, ಅಡಿಕೆ, ತಂಬಾಕು ಹಾಕಿಕೊಳ್ಳುತ್ತಾರೆ. ಕರ್ನಾಟಕ ಸರಕಾರ 2013ರಲ್ಲಿ ಗುಟಖಾ ನಿಷೇಧಿಸಿತು. ಆದರೂ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಂಡು ಕೂಡಿಸಿ ತಿನ್ನುವವರಿದ್ದಾರೆ. ಟವರಿಗೆ ಅಂಜುತ್ತ ಮಿಶ್ರಿ ತಿಕ್ಕಿದರೆ, ಹಾವು ಬಿಟ್ಟು ಹಗ್ಗಕ್ಕೆ ಹೆದರಿದಂತೆ.

ಇನ್ನೊಂದು ಮಾತು. "ಟವರಿನಿಂದ ಬಂದದ್ದು, ಏನು ಮಾಡಕ್ಕಾಗತೈತಿ" ಎಂದು ಕುಳಿತರೆ ಗುಣವಾಗುವ ಕಾಲ ಕೈತಪ್ಪುತ್ತದೆ. ಈ ಲಕ್ಷಣ ಕಂಡರೆ ತಡ ಮಾಡಬೇಡಿ:

• ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ
• ಎದೆಯಲ್ಲಿ ಗಂಟು, ನೋವಿಲ್ಲದಿದ್ದರೂ ಸರಿ
• ಮುಟ್ಟು ನಿಂತ ಮೇಲೆ ಅಥವಾ ನಡುನಡುವೆ ರಕ್ತ ಹೋಗುವುದು

30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಸರಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇವೆ.

ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡೋಣ: ಸಂಘದ ಪ್ರತಿಯೊಬ್ಬ ಸದಸ್ಯೆ ಈ ವರ್ಷ ಒಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು. ಒಬ್ಬರೇ ಹೋಗಲು ನಾಚಿಕೆಯಾದರೆ ಹತ್ತು ಜನ ಕೂಡಿ ಹೋಗೋಣ. ಸಂಘ ಇರುವುದು ಅದಕ್ಕೇ ಅಲ್ಲವೇ?