ಹಲ್ಲಿನ ಕ್ಯಾಪ್‌ಗೆ ಯಾವ ಸೆರಾಮಿಕ್? ಸಣ್ಣ ಲ್ಯಾಬ್‌ಗಳಿಗೆ ಒಂದು ಮಾರ್ಗದರ್ಶಿ

ಡೆಂಟಲ್ ಲ್ಯಾಬ್ ನಡೆಸುವವರಿಗೆ ಅತ್ಯಂತ ದುಬಾರಿಯಾದ ಕೆಲಸವೆಂದರೆ ಒಮ್ಮೆ ಮಾಡಿಕೊಟ್ಟ ಕ್ಯಾಪ್‌ ಅನ್ನು ಮತ್ತೊಮ್ಮೆ ಮಾಡಿಕೊಡುವುದು. ಬಿರುಕು ಬಿಟ್ಟ ಅಥವಾ ಹಲ್ಲಿಗೆ ಕೂರದ ಕ್ಯಾಪ್ ಹಿಂತಿರುಗಿದರೆ ಸಾಮಗ್ರಿ, ಕುಲುಮೆಯ ಸಮಯ ಹಾಗೂ ತಂತ್ರಜ್ಞರ ಶ್ರಮ ಮೂರೂ ಸಾಮಾನ್ಯವಾಗಿ ಲ್ಯಾಬಿನ ಲೆಕ್ಕಕ್ಕೇ ಬೀಳುತ್ತವೆ; ದಂತವೈದ್ಯರ ವಿಶ್ವಾಸಕ್ಕೂ ಧಕ್ಕೆಯಾಗುತ್ತದೆ. ಸಾಮಗ್ರಿ ಕಳಪೆಯಲ್ಲದಿದ್ದರೂ, ಅದನ್ನು ಸಲ್ಲದ ಜಾಗದಲ್ಲಿ ಬಳಸಿದರೆ ಈ ನಷ್ಟ ತಪ್ಪಿದ್ದಲ್ಲ.

ಮೂರು ಬಗೆಗಳು

1960ರ ದಶಕದಿಂದ ಬಳಕೆಯಲ್ಲಿರುವುದು ಲೋಹದ ಮೇಲೆ ಪಿಂಗಾಣಿ ಲೇಪಿಸುವ ವಿಧಾನ. ಇದು ಗಟ್ಟಿಯಾದರೂ ವಸಡಿನ ಅಂಚಿನಲ್ಲಿ ಕಪ್ಪು ಗೆರೆ ಕಾಣಿಸಬಹುದು. ನಿಕ್ಕಲ್ ಇರುವ ಮಿಶ್ರಲೋಹ ಕೆಲವರಿಗೆ ಅಲರ್ಜಿ ತರುತ್ತದೆ.

ಎರಡನೆಯದು ಲಿಥಿಯಂ ಡೈಸಿಲಿಕೇಟ್ ಎಂಬ ಗಾಜು-ಸೆರಾಮಿಕ್. ಇದರ ಬಾಗುಬಲ ಸುಮಾರು 360ರಿಂದ 400 ಮೆಗಾಪಾಸ್ಕಲ್. ಸಹಜ ಹಲ್ಲಿನಂತೆ ಬೆಳಕನ್ನು ಒಳಬಿಡುವುದರಿಂದ ಮುಂಭಾಗದ ಹಲ್ಲುಗಳಿಗೂ ಒಂಟಿ ಕ್ಯಾಪ್‌ಗಳಿಗೂ ಸೂಕ್ತ. ಹಿಂಬದಿಯ ದವಡೆ ಹಲ್ಲುಗಳ ಬ್ರಿಜ್‌ಗೆ ಇದು ಸಲ್ಲದು.

ಮೂರನೆಯದು ಜಿರ್ಕೋನಿಯಾ. ಬಿರುಕು ಮೂಡಿದೆಡೆ ಇದರ ಹರಳುಗಳು ರೂಪ ಬದಲಿಸಿ, ಹಿಗ್ಗಿ, ಬಿರುಕನ್ನು ಅದುಮಿ ತಡೆಯುತ್ತವೆ. ಆದರೆ ಆರ್ಡರ್ ಚೀಟಿಯಲ್ಲಿ ಕೇವಲ ‘ಜಿರ್ಕೋನಿಯಾ’ ಎಂದು ಬರೆದರೆ ಸಾಲದು. ಶೇ. 3 ಮೋಲ್ ಇಟ್ರಿಯಾ ಇರುವ ಬಗೆ 900 ಮೆಗಾಪಾಸ್ಕಲ್‌ಗೂ ಮೀರಿ ಬಲವುಳ್ಳದ್ದು, ಆದರೆ ಮಬ್ಬು. ಶೇ. 5ರ ಬಗೆ ನೋಡಲು ಚೆಂದ. ಬಲ ಮಾತ್ರ ಸುಮಾರು 500ರಿಂದ 800ಕ್ಕೆ ಇಳಿಯುತ್ತದೆ. ಐಎಸ್‌ಒ 6872 ಮಾನದಂಡದ ಪ್ರಕಾರ ದವಡೆ ಹಲ್ಲು ಒಳಗೊಂಡ ಮೂರು ಹಲ್ಲಿನ ಬ್ರಿಜ್‌ಗೆ ಕನಿಷ್ಠ 500, ನಾಲ್ಕು ಅಥವಾ ಹೆಚ್ಚಿನ ಹಲ್ಲುಗಳ ಬ್ರಿಜ್‌ಗೆ 800 ಮೆಗಾಪಾಸ್ಕಲ್ ಬಲ ಬೇಕು. ಅಂದಕ್ಕಾಗಿ ಆರಿಸಿದ ಡಿಸ್ಕ್‌ನಿಂದ ಉದ್ದದ ಬ್ರಿಜ್ ಕೊರೆಯುವುದು ನಷ್ಟವನ್ನು ಆಹ್ವಾನಿಸಿದಂತೆ.

ಅಳತೆ ಮತ್ತು ಕುಲುಮೆ

ಜಿರ್ಕೋನಿಯಾವನ್ನು ಸುಣ್ಣದ ಕಡ್ಡಿಯಂತೆ ಮೃದುವಾಗಿರುವಾಗಲೇ ಕೊರೆದು, ಬಳಿಕ ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಲಾಗುತ್ತದೆ. ಆಗ ಅದು ಶೇ. 20ರಷ್ಟು ಕುಗ್ಗುತ್ತದೆ. ಆದ್ದರಿಂದ ಪ್ರತಿ ಡಿಸ್ಕ್‌ನ ಮೇಲೆ ಮುದ್ರಿಸಿರುವ ಹಿಗ್ಗಿಸುವ ಗುಣಕವನ್ನು ಯಂತ್ರಕ್ಕೆ ನಮೂದಿಸಬೇಕು. ಗುಣಕ 1.25 ಇದ್ದರೆ 8 ಮಿ.ಮೀ. ಕ್ಯಾಪ್‌ ಅನ್ನು 10 ಮಿ.ಮೀ. ಆಗಿ ಕೊರೆಯಬೇಕು. ಹಿಂದಿನ ಡಿಸ್ಕ್‌ನ 1.23 ಹಾಗೆಯೇ ಉಳಿದರೆ ಸುಟ್ಟ ಬಳಿಕ ಸಿಗುವುದು ಸುಮಾರು 7.87 ಮಿ.ಮೀ. ಅಷ್ಟು ಸಾಕು, ಕ್ಯಾಪ್ ಹಲ್ಲಿಗೆ ಕೂರುವುದಿಲ್ಲ.

ಪಿಂಗಾಣಿ ಪುಡಿಯ ಹೊಂದಾಣಿಕೆಯೂ ಅಷ್ಟೇ ಮುಖ್ಯ. ಶಾಖಕ್ಕೆ ಜಿರ್ಕೋನಿಯಾ ಹಿಗ್ಗುವ ಪ್ರಮಾಣ ಪ್ರತಿ ಡಿಗ್ರಿಗೆ ದಶಲಕ್ಷಕ್ಕೆ ಸುಮಾರು 10.5 ಭಾಗ, ಪಿಂಗಾಣಿ ಲೇಪನದ ಲೋಹಗಳದ್ದು ಸುಮಾರು 14. ಲೋಹಕ್ಕೆಂದು ತಂದ ಪುಡಿಯನ್ನು ಜಿರ್ಕೋನಿಯಾದ ಮೇಲೆ ಬಳಸಿದರೆ ತಣಿಯುವಾಗಲೇ ಬಿರುಕು ಬೀಳಬಹುದು.

ಕ್ಲಿನಿಕ್‌ಗೆ ತಿಳಿಸಬೇಕಾದದ್ದು

ಲಿಥಿಯಂ ಡೈಸಿಲಿಕೇಟ್‌ ಅನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ಸವೆಸಿ, ಸಿಲೇನ್ ಹಚ್ಚಿ ಅಂಟಿಸಬಹುದು. ಜಿರ್ಕೋನಿಯಾದಲ್ಲಿ ಗಾಜಿನ ಅಂಶವಿಲ್ಲದ್ದರಿಂದ ಈ ಕ್ರಮ ಫಲಿಸದು. ಅಲ್ಯುಮಿನಾ ಪುಡಿಯ ಸಿಡಿತ ಹಾಗೂ ಎಂಡಿಪಿ ಇರುವ ಪ್ರೈಮರ್ ಬೇಕು. ಆದ್ದರಿಂದ ಸಾಮಗ್ರಿಯ ಹೆಸರನ್ನು ಕ್ಯಾಪ್‌ನೊಂದಿಗೆ ಬರೆದು ಕಳುಹಿಸುವುದು ಲ್ಯಾಬಿನ ಹೊಣೆ. ಕಚ್ಚುವ ಮೇಲ್ಮೈಯನ್ನು ಉಜ್ಜಿದ ಬಳಿಕ ಚೆನ್ನಾಗಿ ಪಾಲಿಶ್ ಮಾಡಬೇಕು. ಒರಟಾಗಿ ಬಿಟ್ಟ ಜಿರ್ಕೋನಿಯಾ ಎದುರಿನ ಹಲ್ಲನ್ನು ಸವೆಸುತ್ತದೆ.

ಕಾರ್ಮಿಕರ ಆರೋಗ್ಯ, ಕಾನೂನು

ಪಿಂಗಾಣಿ ಉಜ್ಜುವಾಗಿನ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹಾನಿಕರ. ಪ್ರತಿ ಮೇಜಿಗೂ ಧೂಳು ಹೀರುವ ಯಂತ್ರ, ಪ್ರತಿ ಕೆಲಸಗಾರನಿಗೂ ಸರಿಯಾದ ಮಾಸ್ಕ್ ಇರಲೇಬೇಕು. ವೈದ್ಯಕೀಯ ಸಾಧನಗಳ ನಿಯಮಗಳು 2017 ಜಾರಿಗೆ ಬಂದದ್ದು 2018ರ ಜನವರಿ 1ರಂದು. ವ್ಯಾಪಾರಿಗಳು ಪರವಾನಗಿಯುಳ್ಳ ಸರಬರಾಜುದಾರರಿಂದಲೇ ಖರೀದಿಸಿ, ಬ್ಯಾಚ್ ಸಂಖ್ಯೆಯಿರುವ ಬಿಲ್ ಕಾಯ್ದಿರಿಸುವುದು ಕ್ಷೇಮ.

ಕೊರೆಯುವ ಯಂತ್ರಕ್ಕೆ ಬಂಡವಾಳ ಹೂಡುವ ಮುನ್ನ ತಿಂಗಳಿಗೆ ಎಷ್ಟು ಕ್ಯಾಪ್ ಬರುತ್ತವೆಂದು ಲೆಕ್ಕ ಹಾಕಬೇಕು. ಕೆಲಸ ಕಡಿಮೆಯಿದ್ದರೆ ಸ್ಕ್ಯಾನ್ ಫೈಲನ್ನು ಮಿಲ್ಲಿಂಗ್ ಕೇಂದ್ರಕ್ಕೆ ಕಳುಹಿಸಿ ಮಾಡಿಸಿಕೊಳ್ಳುವುದೇ ಲಾಭದಾಯಕ. ಹಲ್ಲಿನ ಸ್ಥಾನ, ಬ್ರಿಜ್‌ನ ಉದ್ದ, ಸಾಮಗ್ರಿಯ ಬಗೆ, ಬ್ಯಾಚ್ ಸಂಖ್ಯೆ – ಈ ನಾಲ್ಕನ್ನೂ ಪ್ರತಿ ಆರ್ಡರ್ ಚೀಟಿಯಲ್ಲಿ ದಾಖಲಿಸುವ ಲ್ಯಾಬಿಗೆ ಹಿಂತಿರುಗುವ ಕ್ಯಾಪ್‌ಗಳು ಕಡಿಮೆಯಾಗುತ್ತವೆ. ಹಿಂತಿರುಗಿದರೂ ತಪ್ಪು ಎಲ್ಲಾಯಿತೆಂಬುದು ತಿಳಿಯುತ್ತದೆ.